ಅತ್ತೆಗೆ ಅಂಟಿದ ಇಂಗ್ಲಿಷ್ ಪದ

ಇಚಲಕರಂಜಿಯ ಮರಾಠಿ ಹೈಸ್ಕೂಲೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳಿಗೆ ವಿಶೇಷಣಗಳನ್ನು ಹೇಳಿಕೊಡುವಾಗ ‘ಹಾಸ್ಟೈಲ್’ ಎಂಬ ಪದ ಬಂದೇ ಬರುತ್ತದೆ. ಸ್ನೇಹದಿಂದ ಇರುವುದಕ್ಕೆ ವಿರುದ್ಧವಾದದ್ದು, ಹಗೆತನದ್ದು ಎಂದು ಅರ್ಥ ಬರೆಸುತ್ತೇನೆ. ಶಾಲೆಯ ಗೋಡೆಗೆ ಹತ್ತಿಕೊಂಡೇ ಮಗ್ಗದ ಶೆಡ್ಡು ಇರುವುದರಿಂದ ಎರಡೆರಡು ಸಲ ಜೋರಾಗಿ ಹೇಳಬೇಕು. ವೈರಿಯ ಸೈನ್ಯಕ್ಕೂ ಇದೇ ಪದ, ಏನೂ ಬೆಳೆಯಗೊಡದ ನೆಲಕ್ಕೂ ಇದೇ ಪದ, ಹೊರಗಿನವರನ್ನು ಹತ್ತಿರ ಸೇರಿಸದ ಊರಿಗೂ ಇದೇ ಪದ ಎಂದು ಉದಾಹರಣೆ ಕೊಡುತ್ತೇನೆ. ಅದರ ಬೇರು ಹಳೆಯ ಲ್ಯಾಟಿನ್‌ನಲ್ಲಿದೆ, ಅಲ್ಲಿ ಮೊದಲು ಪರಕೀಯ ಎಂಬ ಅರ್ಥವಿತ್ತು, ಆಮೇಲೆ ಶತ್ರು ಎಂದಾಯಿತು ಎಂಬುದನ್ನೂ ಬಿಡುವಿದ್ದ ದಿನ ಹೇಳುತ್ತೇನೆ. ವರ್ಷಗಟ್ಟಲೆ ಹೀಗೆ ಕಲಿಸಿದ ಮೇಲೆ, ಈ ಪದವನ್ನು ನನ್ನ ಸೋದರತ್ತೆಯ ಹೆಸರಿನ ಮುಂದೆ ಹಚ್ಚಿದ್ದನ್ನು ಗಡಹಿಂಗ್ಲಜದ ಕೋರ್ಟಿನಲ್ಲಿ ಕುಳಿತು ಕೇಳಿದೆ.

ಅತ್ತೆಯನ್ನು ಕೊಟ್ಟ ಊರು ಉತ್ತೂರಿನ ಆಚೆಗಿನ ಒಂದು ಸಣ್ಣ ಹಳ್ಳಿ. ಕುರಿ ಮತ್ತು ಹೊಲ, ಎರಡರ ಮೇಲೂ ಬದುಕು. ಮಾವ ತೀರಿಕೊಂಡಿದ್ದಾನೆ. ಮಗಳನ್ನು ಹಾತಕಣಂಗಲೆಗೆ ಕೊಟ್ಟಿದ್ದಾರೆ. ಅತ್ತೆಯ ಮನೆಗೂ ಅವಳ ಮೈದುನನ ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಬಾಗಿಲು. ಮೈದುನನನ್ನು ನಾನು ಸಣ್ಣ ಮಾವ ಎನ್ನುತ್ತಿದ್ದೆ, ಅವನ ಹೆಂಡತಿಯನ್ನು ಸಣ್ಣತ್ತೆ. ಅತ್ತೆ ಮತ್ತು ಸಣ್ಣತ್ತೆ ನೆಗೆಣ್ಣಿಯರಾದರೂ ಅಕ್ಕತಂಗಿಯರಂತೆ ಇದ್ದರು. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಪಲ್ಯ ಮಾಡುವಳು. ಸಣ್ಣತ್ತೆ ಮರಾಠಿ ಶಾಲೆ ಕಲಿತವಳು. ಅತ್ತೆಗೆ ಸಂತೆಯ ಮಟ್ಟಿಗೆ ಮರಾಠಿ ಬರುತ್ತಿತ್ತು. ಕಚೇರಿಯ ಕೆಲಸ ಬಂದರೆ ಆ ಬಾಗಿಲಿನಲ್ಲಿ ನಿಂತು ತಂಗಿ ಎಂದು ಕರೆಯುತ್ತಿದ್ದಳು.

ಅವರ ಹೊಲದ ಕೆಳಗಿನ ಹೊಲ ಇನ್ನೊಬ್ಬನದು. ಅವನಿಗೂ ಇವರಿಗೂ ಎಂದೂ ಕೂಡಿಬಂದಿರಲಿಲ್ಲ. ಬದುವಿನ ಮೇಲೆ ಕುರಿ ಹೊಡೆದುಕೊಂಡು ಹೋಗಬಾರದೆಂದು ಅವನು ಮುಳ್ಳು ಬಡಿದಿದ್ದ. ಒಮ್ಮೆ ಅತ್ತೆಯ ಒಂದು ಮರಿಗೆ ಕಲ್ಲು ಬೀಸಿ ಕಾಲು ಮುರಿದಿದ್ದ. ಅತ್ತೆ ಅವನ ಹೆಸರು ಹೇಳುತ್ತಿರಲಿಲ್ಲ, ‘ಕೆಳಗಿನಾಂವ’ ಎನ್ನುತ್ತಿದ್ದಳು, ಅದನ್ನೂ ಮುಖ ಸಿಂಡರಿಸಿ.

ಒಂದು ಬೆಳಿಗ್ಗೆ ಸಣ್ಣ ಮಾವನ ಕುರಿಗಳು ಅವನ ಶೇಂಗಾ ಹೊಲಕ್ಕೆ ನುಗ್ಗಿದವು. ಅವನು ಓಡಿ ಬಂದ. ಬಾಯಿಗೆ ಬಾಯಿ ಹತ್ತಿ, ಕೈಗೆ ಕೈ ಹತ್ತಿತು. ಸಣ್ಣ ಮಾವನ ಬಲಗೈ ಮುರಿಯಿತು, ತಲೆ ಒಡೆಯಿತು. ಹತ್ತಿರ ಇದ್ದವಳು ಅತ್ತೆ ಒಬ್ಬಳೇ. ಅವಳು ಕಿರುಚುತ್ತ ಓಡಿದಾಗ ಕೆಳಗಿನ ಹೊಲದವ ಬಡಿಗೆಯನ್ನು ಅಲ್ಲೇ ಬಿಟ್ಟು ಹೋಗಿದ್ದ. ಅತ್ತೆ ತನ್ನ ಸೆರಗು ಹರಿದು ಮೈದುನನ ತಲೆಗೆ ಕಟ್ಟಿದಳು. ಊರವರು ಜೀಪಿನಲ್ಲಿ ಹಾಕಿಕೊಂಡು ಹೋದರು. ಸಣ್ಣ ಮಾವ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದ. ಬದುಕಿದ. ಕೈ ಮಾತ್ರ ಮೊದಲಿನಂತೆ ಆಗಲಿಲ್ಲ, ಮತ್ತು ಆ ಬೆಳಿಗ್ಗೆ ಏನಾಯಿತೆಂಬುದು ಅವನ ನೆನಪಿನಿಂದ ಪೂರ್ತಿ ಅಳಿಸಿಹೋಗಿತ್ತು.

ಪೊಲೀಸರು ಜಬಾಬು ಬರೆದುಕೊಳ್ಳಲು ಮನೆಗೆ ಬಂದರು. ಬಂದವರಿಗೆ ಕನ್ನಡ ಬಾರದು. ಅತ್ತೆ ಕನ್ನಡದಲ್ಲಿ ಹೇಳಿದಳು, ಸಣ್ಣತ್ತೆ ಮರಾಠಿಯಲ್ಲಿ ತಿರುಗಿಸಿ ಹೇಳಿದಳು. ಗಂಡ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ ಹೊತ್ತು ಅದು. ಮಾತಿನ ನಡುವೆ ‘ಕುರ್ಹಾಡ’ ಎಂಬ ಪದ ಬಂದದ್ದನ್ನು ಅತ್ತೆ ಕೇಳಿದಳು. ಕುರ್ಹಾಡ ಎಂದರೆ ಕೊಡಲಿ ಎಂದು ಅವಳಿಗೆ ಗೊತ್ತು. ಕೆಳಗಿನ ಹೊಲದವ ಕೊಡಲಿ ತಂದದ್ದು ನಿಜವೇ, ಅದನ್ನೇ ಹೇಳುತ್ತಿರಬೇಕು ಎಂದು ತಲೆ ಅಲ್ಲಾಡಿಸಿದಳು. ಕಾಗದದ ಮೇಲೆ, ಅವನು ಕೊಡಲಿಯಿಂದ ತಲೆಗೆ ಹೊಡೆದದ್ದನ್ನು ನಾನು ಕಣ್ಣಾರೆ ಕಂಡೆ ಎಂದು ಬಂತು. ಕೊಲ್ಲುವ ಪ್ರಯತ್ನದ ಕೇಸಾಯಿತು.

ಕೇಸು ಕೋರ್ಟಿಗೆ ಬರಲು ಕೆಲವು ವರ್ಷ ಹಿಡಿಯಿತು. ಸಮನ್ಸು ಬಂದ ದಿನ ಅತ್ತೆ ನನಗೆ ಫೋನು ಮಾಡಿದಳು.

“ನೀ ಬಾರವಾ. ಅಲ್ಲಿ ಎಲ್ಲಾ ಮರಾಠಿ, ಇಂಗ್ಲಿಷ್. ನಂಗ ಒಬ್ಬಾಕಿಗೇ ಅಂಜಿಕಿ ಬರ್ತೈತಿ.”

“ಸಣ್ಣತ್ತಿ ಬರೂದಿಲ್ಲೇನ?”

“ಅಕಿನೂ ಬರ್ತಾಳ. ಆದ್ರ ನೀ ಬಾ.”

ರಜೆ ಹಾಕಿ ನಿಪ್ಪಾಣಿಯ ಮೇಲೆ ಹಾಯ್ದು ಗಡಹಿಂಗ್ಲಜಕ್ಕೆ ಹೋದೆ. ನೆಗೆಣ್ಣಿಯರಿಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದರು. ಕೋರ್ಟಿನ ಅಂಗಳದ ಗಿಡದ ಕೆಳಗೆ ಕುಳಿತು, ಸಣ್ಣತ್ತೆ ಕಟ್ಟಿಕೊಂಡು ಬಂದ ರೊಟ್ಟಿಯನ್ನು ಮೂವರೂ ತಿಂದೆವು. ಸಣ್ಣ ಮಾವ ಬಂದಿರಲಿಲ್ಲ. ತನಗೆ ಏನೂ ನೆನಪಿಲ್ಲವೆಂದು ಹಿಂದಿನ ತಾರೀಖಿಗೇ ಹೇಳಿ ಹೋಗಿದ್ದ.

ಸರಕಾರಿ ವಕೀಲರು ವರಾಂಡಕ್ಕೆ ಬಂದು ಅತ್ತೆಯನ್ನು ಕರೆದರು. ಅವರು ಗಡಹಿಂಗ್ಲಜದವರೇ, ಕನ್ನಡ ಚೆನ್ನಾಗಿ ಬರುತ್ತಿತ್ತು.

“ಮಾವಶಿ, ಗಾಬರಿ ಆಗಬ್ಯಾಡ್ರಿ. ನೀವು ನೋಡಿದ್ದ ಹೇಳೂದಷ್ಟ. ಅಂವ ಕೊಡ್ಲೀಲೆ ತಲೀಗೆ ಹೊಡದದ್ದ ನೀವ ನೋಡೇರಿ, ಹೌದಲ್ರಿ?”

ಅತ್ತೆ ತಡೆದಳು. “ಇಲ್ಲರಿ. ಕೊಡ್ಲೀಲೆ ಹೊಡದಿಲ್ಲರಿ.”

“ಹಂಗ ಬರದೈತಿ ಜಬಾಬಿನ್ಯಾಗ.”

“ಬರದಿದ್ದ ನಂಗ ಗೊತ್ತಿಲ್ಲರಿ. ಕೊಡ್ಲಿ ತಂದಿದ್ದಾ, ಆದ್ರ ಅದನ್ನ ಅತ್ತಾಗ ಒಗದಾ. ಬಡಿಗೀಲೆ ಕೈಮ್ಯಾಲ ಹೊಡದಾ. ಮೈದುನ ಬಿದ್ದಾ. ಬದುವಿನ ಕಲ್ಲಿಗೆ ತಲಿ ಬಡೀತು.”

ವಕೀಲರು ಸಣ್ಣತ್ತೆಯ ಕಡೆ ನೋಡಿದರು. ಸಣ್ಣತ್ತೆ ಅತ್ತೆಯನ್ನೇ ನೋಡುತ್ತಿದ್ದಳು.

“ಅಕ್ಕಾ, ಏನ ಹೇಳಾಕತ್ತಿ ನೀ?”

“ನೋಡಿದ್ದ ಹೇಳಾಕತ್ತೇನಿ, ತಂಗಿ. ಅವತ್ತೂ ಇದನ್ನ ಹೇಳಿದ್ನಲ್ಲಾ.”

“ಇಷ್ಟ ವರ್ಸ ಆದಮ್ಯಾಲ?”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅತ್ತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು, ದೇವಸ್ಥಾನಕ್ಕೆ ಹೋದಂತೆ. ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ನ್ಯಾಯಾಧೀಶರು ಸಮಾಧಾನದ ಮನುಷ್ಯ. ನಿಮಗೆ ಬರುವ ಭಾಷೆಯಲ್ಲಿ ಹೇಳಿ ಎಂದು ಮರಾಠಿಯಲ್ಲಿ ಹೇಳಿ, ಕನ್ನಡ ಬಲ್ಲ ಒಬ್ಬ ಗುಮಾಸ್ತರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡರು. ಅತ್ತೆ ವರಾಂಡದಲ್ಲಿ ಹೇಳಿದ್ದನ್ನೇ ಕಟಕಟೆಯಲ್ಲಿ ನಿಂತು ಹೇಳಿದಳು. ಕೆಳಗಿನ ಹೊಲದವ ಜಾಲಿ ಕಡಿಯಲಿಕ್ಕೆಂದು ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಬಂದಿದ್ದ. ಜಗಳ ಹತ್ತಿದಾಗ ಅದನ್ನು ತೆಗೆದು ಶೇಂಗಾದ ಸಾಲಿನಲ್ಲಿ ದೂರಕ್ಕೆ ಎಸೆದ. ಸಣ್ಣ ಮಾವನ ಕೈಯಲ್ಲಿದ್ದ ಬಡಿಗೆಯನ್ನೇ ಕಸಿದು ಹೊಡೆದ. ಒಂದೇ ಏಟು, ಕೈಗೆ.

ಸರಕಾರಿ ವಕೀಲರು ಎದ್ದು ನಿಂತರು. ಮರಾಠಿಯ ವಾಕ್ಯದ ನಡುವೆ ಆ ಇಂಗ್ಲಿಷ್ ಪದ ಬಂತು. “ಸಾಕ್ಷೀದಾರ ಹಾಸ್ಟೈಲ್ ಝಾಲಾ ಆಹೇ.” ಸಾಕ್ಷಿ ಹಾಸ್ಟೈಲ್ ಆಗಿದೆ, ನಾನೇ ಪಾಟಿಸವಾಲು ಮಾಡಲು ಅನುಮತಿ ಬೇಕು ಎಂದರು. ನ್ಯಾಯಾಧೀಶರು ಒಪ್ಪಿದರು. ಅತ್ತೆ ಹೊರಳಿ ನನ್ನನ್ನು ಹುಡುಕಿದಳು. ನಾನು ಬೆಂಚಿನಿಂದಲೇ, ಅಂಜಬೇಡ ಎಂಬಂತೆ ತಲೆ ಆಡಿಸಿದೆ.

ಇಲ್ಲಿಯವರೆಗೆ ಚಿಕ್ಕಮ್ಮನನ್ನು ಕರೆದಂತೆ ಮಾವಶಿ ಎನ್ನುತ್ತಿದ್ದ ವಕೀಲರ ದನಿ ಬೇರೆಯಾಯಿತು. ಆರೋಪಿಯ ಜೊತೆ ನಿಮ್ಮದು ಒಪ್ಪಂದವಾಗಿದೆ, ಅವನನ್ನು ಉಳಿಸಲಿಕ್ಕೆ ಸುಳ್ಳು ಹೇಳುತ್ತಿದ್ದೀರಿ ಎಂದರು. ಗುಮಾಸ್ತರು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆಗೆ ಮೊದಲು ತಿಳಿಯಲೇ ಇಲ್ಲ. ಇನ್ನೊಮ್ಮೆ ಹೇಳಿದರು.

“ಅವನ್ನ ಯಾಕ ಉಳಸ್ಲಿರಿ ನಾ? ಅವ ನನ್ನ ಮರೀ ಕಾಲ ಮುರದಾನ. ದಾರ್ಯಾಗ ಮುಳ್ಳ ಬಡದಾನ. ಅಂವಂದೂ ನಂದೂ ಮಾತಿಲ್ಲರಿ.”

ನ್ಯಾಯಾಧೀಶರೇ ಪೆನ್ನು ಕೆಳಗಿಟ್ಟು ಕೇಳಿದರು. ಹಾಗಾದರೆ ಅವನಿಗೆ ಅನುಕೂಲವಾಗುವ ಮಾತನ್ನು ಯಾಕೆ ಹೇಳುತ್ತೀರಿ?

“ಕೆಟ್ಟ ಮನಶ್ಯಾ ಹೌದ್ರಿ ಅವ. ಆದ್ರ ಅವತ್ತ ಕೊಡ್ಲಿ ಒಗದಾನ. ನಾ ನೋಡೇನಿ. ನೋಡಿಲ್ಲ ಅಂತ ಹೆಂಗ ಹೇಳ್ಲಿರಿ?”

ಆರೋಪಿಯ ಜಾಗದಲ್ಲಿ ನಿಂತವನು ತಲೆ ಎತ್ತಲಿಲ್ಲ.

ಹೊರಗೆ ಬಂದಾಗ ಗಿಡದ ಕೆಳಗೆ ಸಣ್ಣತ್ತೆ ಇರಲಿಲ್ಲ. ರೊಟ್ಟಿಯ ಗಂಟೂ ಇರಲಿಲ್ಲ. ಅವಳು ಮುಂಚಿನ ಬಸ್ಸು ಹಿಡಿದು ಹೋಗಿದ್ದಳು. ನಾನು ಅತ್ತೆಯ ಜೊತೆ ಅವಳ ಊರಿಗೇ ಹೋದೆ. ಬಸ್ಸು ಉತ್ತೂರಿನ ಹತ್ತಿರ ಬಂದಾಗ ಅತ್ತೆ ಕೇಳಿದಳು.

“ಆ ವಕೀಲ ಹಾಸ್ಟೆಲ್ ಅಂದ್ನಲಾ. ನನ್ನ ಯಾವ ಹಾಸ್ಟೆಲ್‌ಗೆ ಕಳಸ್ತಾರವಾ?”

ನನಗೆ ನಗು ಬಂತು, ನಕ್ಕೆ. ಅವಳೂ ನಕ್ಕಳು, ಏನೆಂದು ತಿಳಿಯದೆಯೇ.

“ಹಾಸ್ಟೆಲ್ ಅಲ್ಲ ಅತ್ತಿ. ಹಾಸ್ಟೈಲ್.”

“ಹಂಗಂದ್ರ?”

ಹದಿನಾಲ್ಕು ಹದಿನೈದರ ಮಕ್ಕಳಿಗೆ ಒಂದೇ ಉಸಿರಿನಲ್ಲಿ ಹೇಳುವ ಅರ್ಥ ನನ್ನ ಬಾಯಿಂದ ಹೊರಡಲಿಲ್ಲ. “ಯಾರ ಕರದಾರೋ ಅವರಿಗೆ ಬೇಕಾದಂಗ ಸಾಕ್ಷಿ ಹೇಳದ ಇದ್ದವರಿಗೆ ಹಂಗ ಅಂತಾರ” ಎಂದೆ. ಅದು ಕಾನೂನಿನ ಅರ್ಥ. ಅತ್ತೆ ಸ್ವಲ್ಪ ಯೋಚಿಸಿ, “ಹಂಗಾದ್ರ ಖರೇನ ಅಂದಾನ” ಎಂದಳು.

ಅವಳಿಗೆ ನೋವಾದದ್ದು ಇಂಗ್ಲಿಷ್ ಪದದಿಂದ ಅಲ್ಲ. ನಾಲ್ಕಾರು ದಿನಗಳಲ್ಲಿ ಒಂದು ಸಣ್ಣ ಮರಾಠಿ ಪತ್ರಿಕೆಯಲ್ಲಿ ಆ ಸುದ್ದಿ ಬಂತು, ‘ಸಾಕ್ಷೀದಾರ ಫಿತೂರ’ ಎಂದು. ಇಂಗ್ಲಿಷಿನ ಹಾಸ್ಟೈಲ್‌ಗೆ ಕೋರ್ಟಿನ ಮರಾಠಿಯಲ್ಲಿ ಫಿತೂರ ಎನ್ನುತ್ತಾರೆ. ಆದರೆ ಊರಿನ ಕಿವಿಗೆ ಅದು ಕೋರ್ಟಿನ ಪದವಲ್ಲ. ತನ್ನವರನ್ನು ಬಿಟ್ಟುಕೊಟ್ಟು ವೈರಿಯ ಕಡೆ ಸೇರಿದವನು ಫಿತೂರ. ಕನ್ನಡ ಮಾತಾಡುವ ನಮ್ಮ ಮನೆಗಳಲ್ಲಿ ಅದು ಪಿತೂರಿಯಾಗಿ ಕೇಳಿಸಿತು, ಒಳಗೊಳಗೇ ಹೂಡಿದ ಮೋಸ. ಒಂದೇ ಪದ ಗಡಹಿಂಗ್ಲಜದಿಂದ ಹೊರಟು ಉತ್ತೂರು ದಾಟಿ ಅತ್ತೆಯ ಅಂಗಳಕ್ಕೆ ಬರುವಷ್ಟರಲ್ಲಿ ಭಾಷೆಯಿಂದ ಭಾಷೆಗೆ ಕೆಡುತ್ತ ಬಂದಿತ್ತು. ಕನ್ನಡ ಪತ್ರಿಕೆಗಳು ಇಂಥವರನ್ನು ‘ಪ್ರತಿಕೂಲ ಸಾಕ್ಷಿ’ ಎಂದು ಬರೆಯುತ್ತವೆ. ಗಾಳಿ ಪ್ರತಿಕೂಲವಾಗಿದೆ ಎಂದ ಹಾಗೆ, ಆ ಮಾತಿನಲ್ಲಿ ಯಾರ ಮೇಲೂ ಸಿಟ್ಟಿಲ್ಲ. ಆದರೆ ಆ ಊರಿಗೆ ಕನ್ನಡ ಪತ್ರಿಕೆ ಬರುತ್ತಿರಲಿಲ್ಲ.

“ನಾ ಏನ ಪಿತೂರಿ ಮಾಡೇನಿ ಹೇಳ” ಎಂದು ಅತ್ತೆ ಫೋನಿನಲ್ಲಿ ಕೇಳಿದಳು. ಹಿಟ್ಟಿನ ಗಿರಣಿಯಲ್ಲಿ ಯಾರೋ ಅವಳ ಎದುರಿಗೇ ಅಂದಿದ್ದರು. ನಡುಗೋಡೆಯ ಬಾಗಿಲಿಗೆ ಸಣ್ಣತ್ತೆ ಆ ಕಡೆಯಿಂದ ಚಿಲಕ ಹಾಕಿದ್ದಳು. ಅತ್ತೆ ಒಂದು ಸಲ ಬಡಿದು ನೋಡಿದಳಂತೆ. ಒಳಗೆ ಪಾತ್ರೆಯ ಸದ್ದು ನಿಂತಿತು, ಚಿಲಕ ತೆಗೆಯಲಿಲ್ಲ. ಆಮೇಲೆ ಅವಳು ಬಡಿಯಲು ಹೋಗಲಿಲ್ಲ.

ತೀರ್ಪಿನ ದಿನವೂ ನಾನು ಹೋಗಿದ್ದೆ. ಅತ್ತೆ ಬರಲಿಲ್ಲ, ಸಣ್ಣತ್ತೆ ಮತ್ತು ಸಣ್ಣ ಮಾವ ಬಂದಿದ್ದರು. ಕೊಲ್ಲುವ ಪ್ರಯತ್ನದ ಆರೋಪ ಬಿದ್ದುಹೋಯಿತು. ಕೈ ಮುರಿದದ್ದಕ್ಕೆ ಶಿಕ್ಷೆಯಾಯಿತು, ಕೆಳಗಿನ ಹೊಲದವ ಜೈಲಿಗೆ ಹೋಗಬೇಕಾಯಿತು. ಹೊರಗೆ ಅದೇ ಸರಕಾರಿ ವಕೀಲರು ನನ್ನನ್ನು ಗುರುತು ಹಿಡಿದು ನಿಂತರು.

“ನಿಮ್ಮ ಅತ್ತಿಯವರ ಮಾತನ್ನ ಸಾಹೇಬ್ರು ನಂಬ್ಯಾರ” ಎಂದರು. “ತಲೀ ಗಾಯ ಕಲ್ಲಿಗೆ ಬಿದ್ದ ಆಗಬಹುದು ಅಂತ ಡಾಕ್ಟರೂ ಹೇಳಿದ್ರು. ಎರಡೂ ಕೂಡಿದ್ವು.”

“ಹಾಸ್ಟೈಲ್ ಆದ ಸಾಕ್ಷೀನ್ನ ನಂಬತಾರೇನ್ರಿ?” ಎಂದೆ.

“ಹಾಸ್ಟೈಲ್ ಅಂದ್ರ ಸುಳ್ಳಿ ಅಂತ ಅಲ್ಲರಿ ಟೀಚರ. ನಾನ ಕರದ ಸಾಕ್ಷೀನ್ನ ನಾನ ಅಡ್ಡ ಪ್ರಶ್ನೆ ಕೇಳಾಕ ಅದೊಂದು ಪರವಾನಗಿ, ಅಷ್ಟ. ಅವರ ಹೇಳಿದ್ರಾಗ ಖರೇ ಎಷ್ಟ ಅದನ್ನ ಕೋರ್ಟ ತಗೋತೈತಿ. ಬಡಿಗೀಲೆ ಹೊಡದಾ ಅಂತ ಅವರು ಹೇಳಲಿಲ್ಲಂದ್ರ ಅಂವಗ ಈ ಶಿಕ್ಷಾನೂ ಆಗ್ತಿರಲಿಲ್ಲ.”

ಈ ಮಾತನ್ನು ಅವರು ಸಣ್ಣತ್ತೆಗೆ ಕೇಳುವಂತೆಯೇ ಹೇಳಿದರು ಎಂದು ನನಗೆ ಅನ್ನಿಸಿತು. ಅವಳು ಗಂಡನ ಪಕ್ಕದಲ್ಲಿ, ನನ್ನ ಕಡೆ ಅರ್ಧ ಬೆನ್ನು ಮಾಡಿ ನಿಂತಿದ್ದಳು. ತಿರುಗಲಿಲ್ಲ. ಸಣ್ಣ ಮಾವ ಮಾತ್ರ ಹತ್ತಿರ ಬಂದು, ಎಡಗೈಯಿಂದ ನನ್ನ ತಲೆ ಮುಟ್ಟಿ, “ಚಹಾ ಕುಡದ ಹೋಗವಾ” ಎಂದ.

ಎರಡೂ ಕಡೆಯವರಿಗೂ ಅತ್ತೆಯ ಸಾಕ್ಷಿ ರುಚಿಸಲಿಲ್ಲ. ಕೆಳಗಿನ ಹೊಲದವ ಶಿಕ್ಷೆ ಮುಗಿಸಿ ಬಂದ ಮೇಲೆ ಅವಳಿಗೆ ನಮಸ್ಕಾರವನ್ನೇನೂ ಮಾಡಲಿಲ್ಲ. ಜೈಲಿಗೆ ಕಳಿಸಿದವಳು ಎಂದೇ ಅವನ ಲೆಕ್ಕ. ಅತ್ತೆಯೂ ಅವನಿಂದ ಏನನ್ನೂ ಬಯಸಿರಲಿಲ್ಲ.

ತೀರ್ಪು ಬಂದ ಮುಂದಿನ ಬೇಸಿಗೆ ರಜೆಯಲ್ಲಿ ನಾನು ಅತ್ತೆಯಲ್ಲಿ ಕೆಲವು ದಿನ ಇದ್ದೆ. ಕುರಿಗಳ ಉಣ್ಣೆ ಕತ್ತರಿಸುವ ಕಾಲ. ಸಣ್ಣ ಮಾವ ಅಂಗಳದಲ್ಲಿ ಕುಳಿತು ಒಂದು ಕುರಿಯನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿದು, ಎಡಗೈಯಲ್ಲಿ ಕತ್ತರಿ ಆಡಿಸಲು ನೋಡುತ್ತಿದ್ದ. ಕುರಿ ಒದ್ದಾಡಿ ತಪ್ಪಿಸಿಕೊಳ್ಳುತ್ತಿತ್ತು. ಸಣ್ಣತ್ತೆ ಹಿಡಿಯಲು ಹೋದರೆ ಅವಳನ್ನೂ ಎಳೆದುಕೊಂಡು ಹೋಯಿತು. ಅತ್ತೆ ತನ್ನ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದು ಹೋದಳು. ಯಾರನ್ನೂ ಕೇಳಲಿಲ್ಲ. ಕುರಿಯ ಹಿಂಗಾಲು ಹಿಡಿದು ಮಗ್ಗಲಿಗೆ ಕೆಡವಿ, ಮೈದುನನ ಕೈಯಿಂದ ಕತ್ತರಿ ತೆಗೆದುಕೊಂಡಳು.

“ತಲೀ ಹಿಡಿ” ಎಂದಳು ಸಣ್ಣತ್ತೆಗೆ.

ಸಣ್ಣತ್ತೆ ಒಂದು ಗಳಿಗೆ ನಿಂತು, ಕುಳಿತು ತಲೆ ಹಿಡಿದಳು. ಅದೊಂದು ಮುಗಿಯಿತು, ಇನ್ನೊಂದು ಬಂತು. ನಾನು ಉಣ್ಣೆ ಬಾಚಿ ಚೀಲಕ್ಕೆ ತುಂಬುತ್ತಿದ್ದೆ. ಬಿಸಿಲು ಏರಿದ ಮೇಲೆ ಸಣ್ಣತ್ತೆ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ನಾಲ್ಕು ಕಪ್ಪು. ಅತ್ತೆಗೆ ಕೊಡುವಾಗ ಕೈಗೆ ಕೊಡದೆ ಪಕ್ಕದ ಕಲ್ಲಿನ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಕುರಿಯ ಕಡೆ ನೋಡುತ್ತಲೇ ಹೇಳಿದಳು.

“ಅವತ್ತ ಮುಂಜಾನಿ ನಾ ಬಾಗಲದಾಗ ಕಸಾ ಹೊಡ್ಯಾಕತ್ತಿದ್ನಿ. ಅಂವ ಹೆಗಲಮ್ಯಾಲ ಕೊಡ್ಲಿ ಇಟಗೊಂಡ ಹೋದಾ, ನನ್ನ ಮುಂದನ. ಆಮ್ಯಾಲ ಇವರ್ನ ರಕ್ತದಾಗ ಹೊತಗೊಂಡ ಬಂದ್ರು. ನಂಗ ಮತ್ತೇನ ಕಾಣಬೇಕ ಅಕ್ಕಾ?”

ಅತ್ತೆ ಕತ್ತರಿ ಕೆಳಗಿಟ್ಟಳು. “ನೀ ಅಂವ ಹೋಗೂದ ನೋಡಿದಿ. ಆಮ್ಯಾಲಿಂದ ನಾ ನೋಡಿದ್ನಿ.”

“ನೀ ಹೇಳಿದ್ದ ಬರೋಬರಿ ಕೇಳಸ್ಲಿಲ್ಲ ನಂಗ ಅವತ್ತ. ಕೊಡ್ಲಿ ಅಂದಿ. ಅದೊಂದ ಕೇಳಿಸ್ತು.”

“ಗಂಡ ಹಂಗ ಬಿದ್ದಾಗ ಯಾರಿಗೆ ಕೇಳಸ್ತೈತಿ?”

ಸಣ್ಣ ಮಾವ ನನ್ನ ಕಡೆ ನೋಡಿ, “ನಂಗಂತೂ ಏನೂ ನೆನಪಿಲ್ಲ, ಭಾಳ ಚಲೋ ಆತು” ಎಂದ. ಮೊದಲು ನಕ್ಕವಳು ಸಣ್ಣತ್ತೆ.

ಅಂದೇ ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಚಿಲಕ ಇನ್ನೂ ಕೆಲವು ತಿಂಗಳು ಹಾಗೇ ಇತ್ತು, ಹೊರಗಿನ ಅಂಗಳದಲ್ಲಿ ಮಾತ್ರ ಮಾತು ನಡೆಯುತ್ತಿತ್ತು. ಒಂದು ದಿನ ಅದು ತೆಗೆದಿತ್ತು. ಯಾರು ಯಾವಾಗ ತೆಗೆದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಳೆದ ವರ್ಷ ಅತ್ತೆಗೆ ಪಿತ್ತಕೋಶದಲ್ಲಿ ಕಲ್ಲಾಗಿ ಕೊಲ್ಹಾಪುರದಲ್ಲಿ ಆಪರೇಷನ್ ಆಯಿತು. ಮಗಳಿಗೆ ಸಣ್ಣ ಮಗು, ನನಗೆ ಪರೀಕ್ಷೆಯ ಕೆಲಸ. ಆಸ್ಪತ್ರೆಯಲ್ಲಿ ಉಳಿಯಲು ಸಣ್ಣತ್ತೆ ಹಾಸಿಗೆ ಸುತ್ತಿಕೊಂಡು ಬಂದಳು. ಭಾನುವಾರ ನಾನು ಹೋದಾಗ ನರ್ಸು ಬಂದು ಅತ್ತೆಯ ಜ್ವರ ನೋಡಿ, ಸಣ್ಣತ್ತೆಯನ್ನು ಮರಾಠಿಯಲ್ಲಿ ಕೇಳಿದಳು, ಇವರು ನಿಮಗೆ ಯಾರಾಗಬೇಕು?

“ಜಾವೂ” ಎಂದಳು ಸಣ್ಣತ್ತೆ. ನೆಗೆಣ್ಣಿ.

“ಸಖ್ಖ್ಯಾ ಜಾವಾ?” ಎಂದಳು ನರ್ಸು, ಖಾಸಾ ಅಣ್ಣತಮ್ಮಂದಿರ ಹೆಂಡಿರೇ ಎಂದು. ಹೆಚ್ಚಾಗಿ ಇಂಥ ನೆಂಟಸ್ತಿಕೆಯವರು ಆಸ್ಪತ್ರೆಯಲ್ಲಿ ರಾತ್ರಿ ಉಳಿಯುವುದನ್ನು ಅವಳು ಕಂಡಿರಲಿಕ್ಕಿಲ್ಲ.

“ಸಖ್ಖ್ಯಾ” ಎಂದು ಹೇಳಿ ಸಣ್ಣತ್ತೆ ಅತ್ತೆಯ ಬೆನ್ನಿಗೆ ದಿಂಬು ಕೊಟ್ಟಳು. ಆಮೇಲೆ ಕನ್ನಡದಲ್ಲಿ, “ಗಂಜಿ ಆರಾಕತ್ತೈತಿ ಅಕ್ಕಾ, ಕುಡಿ” ಎಂದಳು.